ಸೋರುವ ಸೂರು ಮೊದಲು, ಹೊಸ ಕಟ್ಟಡ ಆಮೇಲೆ: ಬಿಗಿ ಬಜೆಟ್ಟಿನಲ್ಲಿ ಕಾಲೇಜು ಆವರಣ ಸುಧಾರಿಸುವ ದಾರಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಒಟ್ಟಿಗೆ ಮೂರು ಕ್ಯಾಲೆಂಡರ್ ನೋಡಿಕೊಂಡು ನಡೆಯಬೇಕು. ದುಡ್ಡಿನ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪಾಠದ ವರ್ಷ ಪ್ರವೇಶದ ಗಡಿಬಿಡಿಯ ಜೊತೆ ನಡುವೆ ಎಲ್ಲೋ ಶುರುವಾಗುತ್ತದೆ. ಇವೆರಡರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಶುಲ್ಕದ ಹಣ ಕೈಗೆ ಬರುವ ಹೊತ್ತಿಗೆ ಮಳೆ ಹೊಯ್ಯುತ್ತಿರುತ್ತದೆ. ಮಳೆ ನಿಂತರೆ ಪರೀಕ್ಷೆ. ಪರೀಕ್ಷೆ ಮುಗಿದರೆ ಮಾರ್ಚ್ ಕೊನೆ ಬಂದಿರುತ್ತದೆ, ಆಗ ಯಾವುದೋ ಒಂದು ಖರೀದಿ ಆಗಿಬಿಡುತ್ತದೆ. ಮುಂದಿನ ಜೂನ್‌ನಲ್ಲಿ ಅದೇ ಕೊಠಡಿ ಮತ್ತೆ ಸೋರುತ್ತದೆ.

ಈ ಸುತ್ತಿನಿಂದ ಹೊರಗೆ ಬರಲು ಜಾಸ್ತಿ ದುಡ್ಡು ಬೇಕು ಅನ್ನುವುದು ಅರ್ಧ ಸತ್ಯ ಅಷ್ಟೇ. ಇರುವ ದುಡ್ಡನ್ನು ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ, ಯಾವ ಕ್ರಮದಲ್ಲಿ ಹಾಕುತ್ತೀರಿ ಅನ್ನುವುದು ಇನ್ನರ್ಧ. ಈ ಲೇಖನ ಆ ಇನ್ನರ್ಧದ ಬಗ್ಗೆ. ಪ್ರಾಂಶುಪಾಲರು, ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯರು, ಕಚೇರಿ ಅಧೀಕ್ಷಕರು, ಆಂತರಿಕ ಗುಣಮಟ್ಟ ಭರವಸಾ ಕೋಶದ ಸಂಚಾಲಕರು, ಇವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೆಚ್ಚು ಹೊಂದುತ್ತದೆ. ಅನುದಾನಿತ ಮತ್ತು ಖಾಸಗಿ ಕಾಲೇಜಿನವರು ನಿಯಮದ ಭಾಗ ಬಿಟ್ಟು ಉಳಿದದ್ದನ್ನು ಹಾಗೇ ಬಳಸಬಹುದು.

1. ಮಳೆ ಬರುವಾಗ ಒಂದು ಸುತ್ತು ಹಾಕಿ

ಬಜೆಟ್ ಹಾಳೆ ತೆಗೆಯುವ ಮುಂಚೆ ಕೊಡೆ ತೆಗೆದುಕೊಳ್ಳಿ. ಜೋರು ಮಳೆ ಬರುವ ದಿನ ಇಡೀ ಆವರಣ ನಡೆಯಬೇಕು. ಬಿಸಿಲಲ್ಲಿ ನೋಡಿದರೆ ಗೋಡೆಯ ಕಲೆ ಮಾತ್ರ ಕಾಣುತ್ತದೆ. ನೀರು ಎಲ್ಲಿಂದ ಇಳಿಯುತ್ತಿದೆ ಅನ್ನುವುದು ಮಳೆಯಲ್ಲೇ ಗೊತ್ತಾಗುವುದು. ಜೊತೆಗೆ ಹಳೆಯ ಡಿ ಗ್ರೂಪ್ ಸಿಬ್ಬಂದಿಯೊಬ್ಬರನ್ನು ಕರೆದುಕೊಂಡು ಹೋಗಿ. ಯಾವ ಕೊಠಡಿಯಲ್ಲಿ ಎಲ್ಲಿ ಬಕೆಟ್ ಇಡಬೇಕು, ಯಾವ ಸ್ವಿಚ್ ಮುಟ್ಟಬಾರದು, ಯಾವ ಶೌಚಾಲಯದ ಚಿಲಕ ಹಾಕಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ ಬರೆದುಕೊಳ್ಳಿ. ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ, ಎಂಜಿನಿಯರ್ ಬಂದಾಗ ಅರ್ಧ ದಿನದ ಕೆಲಸ ಉಳಿಯುತ್ತದೆ.

ಇನ್ನೊಂದು ಸುತ್ತು ಮಧ್ಯಾಹ್ನ ಊಟದ ಹೊತ್ತಿಗೆ. ಮಕ್ಕಳು ಬುತ್ತಿ ಎಲ್ಲಿ ಕೂತು ಉಣ್ಣುತ್ತಾರೆ, ಕೈ ತೊಳೆಯಲು ಎಲ್ಲಿಗೆ ಹೋಗುತ್ತಾರೆ ನೋಡಿ. ಮತ್ತೊಂದು ಬೆಳಿಗ್ಗೆ ಬೇಗ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಗೆ ಬಸ್ಸಿನ ಸಮಯವೇ ಕಾಲೇಜಿನ ಸಮಯ. ತರಗತಿ ಹತ್ತಕ್ಕಿದ್ದರೂ ಎಂಟೂವರೆ ಬಸ್ಸಿಗೆ ಬಂದು ಇಳಿಯುತ್ತಾಳೆ. ಆ ಒಂದೂವರೆ ಗಂಟೆ ಅವಳು ಎಲ್ಲಿ ನಿಲ್ಲುತ್ತಾಳೆ? ಗೇಟು ತೆರೆದಿರುತ್ತದೆಯೇ? ಶೌಚಾಲಯದ ಬೀಗ ಯಾರ ಹತ್ತಿರ? ಈ ಮೂರು ಪ್ರಶ್ನೆಗೆ ಉತ್ತರ ಹುಡುಕಲು ಬಜೆಟ್ಟೇ ಬೇಕಿಲ್ಲ. ಒಬ್ಬರಿಗೆ ಬೀಗದ ಕೈ ಕೊಟ್ಟು, ಒಂದು ಕೊಠಡಿ ಬೇಗ ತೆರೆದಿಟ್ಟರೆ ಆಯಿತು. ಹೆಣ್ಣುಮಕ್ಕಳ ತೊಂದರೆಗಳನ್ನು ಅಧ್ಯಾಪಕಿಯರ ಮೂಲಕ ಬೇರೆಯಾಗಿ ಕೇಳಿಸಿ. ಸಭೆಯಲ್ಲಿ ಎಲ್ಲರ ಎದುರು ಅವರು ಹೇಳುವುದಿಲ್ಲ.

ಬರೆದುಕೊಂಡ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ಜೀವಕ್ಕೆ ಅಪಾಯ, ಪಾಠ ನಿಲ್ಲುತ್ತದೆ, ಮರ್ಯಾದೆಗೆ ಕುಂದು, ನೋಡಲು ಚೆನ್ನಾಗಿಲ್ಲ. ಹಣ ಇದೇ ಕ್ರಮದಲ್ಲಿ ಹೋಗಬೇಕು. ಗೇಟಿಗೆ ಹೊಸ ಕಮಾನು ಬೇಕು ಅನ್ನುವ ಒತ್ತಾಯ ಪ್ರತಿ ಸಮಿತಿಯಲ್ಲೂ ಬರುತ್ತದೆ. ಅದು ನಾಲ್ಕನೇ ಗುರುತಿನದು. ಚಿಲಕವಿಲ್ಲದ ಶೌಚಾಲಯ ಮೂರನೆಯದು. ವಾಲಿದ ಕಾಂಪೌಂಡ್ ಗೋಡೆ, ಹೊದಿಕೆ ಕಿತ್ತು ಹೊರಗೆ ಬಂದ ಕರೆಂಟ್ ತಂತಿ, ಸೂರಿನ ಮೇಲೆ ಬಾಗಿದ ಮರ, ಇವು ಮೊದಲನೆಯವು. ಇವನ್ನು ಮುಂದಿನ ಬಜೆಟ್ಟಿಗೆ ಕಾಯಿಸಬೇಡಿ. ಮಲೆನಾಡಿನ ತಾಲ್ಲೂಕುಗಳಲ್ಲಿ ಮರದ ವಿಷಯ ಮೇ ತಿಂಗಳ ಒಳಗೇ ಮುಗಿಯಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಮರ ಕಡಿಯಲು ಅನುಮತಿ ಬೇಕು. ಫೆಬ್ರವರಿಯಲ್ಲೇ ವಲಯ ಅರಣ್ಯಾಧಿಕಾರಿಗೆ ಫೋಟೋ ಸಹಿತ ಪತ್ರ ಕೊಟ್ಟರೆ ಮಳೆಗೆ ಮುಂಚೆ ಕೆಲಸ ಆಗುತ್ತದೆ.

2. ಪ್ರತಿ ರೂಪಾಯಿಗೂ ಅದರ ಜಾತಕ ಬರೆಯಿರಿ

ಕಾಲೇಜಿಗೆ ಬರುವ ಹಣ ಒಂದೇ ತರಹದ್ದಲ್ಲ. ಸರ್ಕಾರದಿಂದ ಲೆಕ್ಕ ಶೀರ್ಷಿಕೆಯ (ಯಾವ ಖರ್ಚಿಗೆ ಎಂದು ಗುರುತಿಸುವ ಬಾಬ್ತು) ಅಡಿಯಲ್ಲಿ ಬರುವ ಹಣ ಆ ಶೀರ್ಷಿಕೆಗೇ ಖರ್ಚಾಗಬೇಕು, ಮಾರ್ಚ್ 31ಕ್ಕೆ ಉಳಿದರೆ ವಾಪಸ್ ಹೋಗುತ್ತದೆ. ವಿದ್ಯಾರ್ಥಿಗಳ ಶುಲ್ಕದಿಂದ ಬರುವ ಅಭಿವೃದ್ಧಿ ಸಮಿತಿಯ ನಿಧಿಗೆ ಸ್ವಲ್ಪ ಸ್ವಾತಂತ್ರ್ಯ ಇದೆ, ಆದರೆ ಸಮಿತಿಯ ನಿರ್ಣಯ ಬೇಕು. ಗ್ರಂಥಾಲಯ, ಕ್ರೀಡೆ, ಪ್ರಯೋಗಾಲಯದ ಶುಲ್ಕಗಳು ಆಯಾ ಬಾಬ್ತಿಗೇ ಸೇರಿದವು. ಮತ್ತೊಂದು ಬಗೆ, ಒಂದೇ ಸಲ ಬರುವ ಹಣ. ಶಾಸಕರ ನಿಧಿ, ದಾನಿಗಳ ನೆರವು, ಯೋಜನೆಯ ಅನುದಾನ ಇದರಲ್ಲಿ ಸೇರುತ್ತವೆ.

ಇಲ್ಲಿ ಪಾಲಿಸಬೇಕಾದ ಶಿಸ್ತು ಒಂದೇ. ಒಂದೇ ಸಲ ಬರುವ ಹಣದಿಂದ ಪ್ರತಿ ವರ್ಷ ಬರುವ ಖರ್ಚನ್ನು ಕಟ್ಟಬೇಡಿ. ದಾನಿ ಕೊಟ್ಟ ಹಣದಲ್ಲಿ ಕಾವಲುಗಾರನನ್ನು ನೇಮಿಸಿಕೊಂಡರೆ ಮುಂದಿನ ವರ್ಷ ಅವನ ಸಂಬಳ ಎಲ್ಲಿಂದ? ಅದೇ ಹಣದಲ್ಲಿ ಕಾಂಪೌಂಡ್ ಸರಿಮಾಡಿದರೆ ಕಾವಲಿನ ಅಗತ್ಯವೇ ಸ್ವಲ್ಪ ಕಡಿಮೆಯಾಗುತ್ತದೆ.

ಬಜೆಟ್ಟಿನಲ್ಲಿ ಬರೆಯುವ ಆದಾಯ ಬ್ಯಾಂಕಿನಲ್ಲಿರುವ ಆದಾಯವೇ ಆಗಿರಲಿ. ವಿದ್ಯಾರ್ಥಿವೇತನದ ಪೋರ್ಟಲ್ ಮೂಲಕ ಬರಬೇಕಾದ ಶುಲ್ಕ ಮರುಪಾವತಿ ತಡವಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬರಬೇಕಾದದ್ದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ. ಬಂದ ದಿನ ಅದರಿಂದ ಏನು ಮಾಡಬೇಕು ಎಂದು ಆಗಲೇ ನಿರ್ಧಾರವಾಗಿರಲಿ. ಹಾಗೆ ಮಾಡಿದರೆ ಫೆಬ್ರವರಿಯಲ್ಲಿ ದಿಢೀರ್ ಹಣ ಬಂದಾಗ ಸುಮ್ನೆ ಕುರ್ಚಿ ತರಿಸುವ ಪರಿಸ್ಥಿತಿ ಬರುವುದಿಲ್ಲ.

ಸಮಿತಿ ನಿಧಿಯ ಹತ್ತನೇ ಒಂದು ಭಾಗವನ್ನು ಮಳೆಗಾಲಕ್ಕೆ ಎತ್ತಿಡಿ. ಹೆಂಚು ಹಾರುತ್ತದೆ, ಮೋಟಾರ್ ಸುಡುತ್ತದೆ, ಸಿಡಿಲಿಗೆ ಕಂಪ್ಯೂಟರ್ ಹೋಗುತ್ತದೆ. ಇದು ಗೊತ್ತಿರುವ ಖರ್ಚು, ಯಾವ ತಾರೀಕು ಅನ್ನುವುದು ಮಾತ್ರ ಗೊತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ಉಳಿದರೆ ಬೇಸಿಗೆಯ ದುರಸ್ತಿಗೆ ಸೇರಿಸಿ.

3. ಹೊಸದನ್ನು ತರುವ ಮುಂಚೆ ಅದನ್ನು ಸಾಕುವ ಖರ್ಚು ಬರೆಯಿರಿ

ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ಯಾವುದೇ ಹೊಸ ಸೌಲಭ್ಯದ ಪ್ರಸ್ತಾವ ಬಂದರೆ, ಬೆಲೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಕೇಳಿ: ವರ್ಷಕ್ಕೆ ಇದನ್ನು ನಡೆಸಲು ಎಷ್ಟು? ಆ ಅಂಕಿ ಇಲ್ಲದ ಪ್ರಸ್ತಾವವನ್ನು ಸಭೆಗೆ ತರಬೇಡಿ.

ಯುಪಿಎಸ್ ತಂದರೆ ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಸ್ಮಾರ್ಟ್ ಬೋರ್ಡ್ ತಂದರೆ ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆ ಒಪ್ಪಂದ ಬೇಕು. ಸಿಸಿಟಿವಿ ತಂದರೆ ಹಾರ್ಡ್ ಡಿಸ್ಕ್ ಬೇಕು, ಮಳೆಗಾಲದಲ್ಲಿ ಕೇಬಲ್ ನೋಡಬೇಕು. ಎಲ್ಲ ಜಿಲ್ಲೆಗಳಲ್ಲೂ ಮುಚ್ಚಳ ಹೊದ್ದು ಕೂತ ಯಂತ್ರಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಅವನ್ನು ತಂದವರ ಆಸೆ ಒಳ್ಳೆಯದೇ ಆಗಿತ್ತು. ಎರಡನೇ ವರ್ಷದ ಹಣ ಯಾರೂ ಬರೆದಿಟ್ಟಿರಲಿಲ್ಲ ಅಷ್ಟೇ.

ಕುಡಿಯುವ ನೀರಿನ ಘಟಕವನ್ನೇ ನೋಡಿ. ಆರ್‌ಒ (ನೀರಿನಲ್ಲಿ ಕರಗಿದ ಲವಣ ತೆಗೆಯುವ ಯಂತ್ರ) ಬೇಕೇ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಮೊದಲು ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ಬಯಲುಸೀಮೆಯ ಕಡೂರು, ಅರಸೀಕೆರೆ ಕಡೆ ಆಳದ ಬೋರ್‌ವೆಲ್ ನೀರಾದರೆ ಆರ್‌ಒ ಬೇಕಾಗಬಹುದು. ಮಲೆನಾಡಿನ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ನೀರು ಸಾಮಾನ್ಯವಾಗಿ ಮೃದು. ಅಲ್ಲಿ ತೊಂದರೆ ಇದ್ದರೆ ಅದು ಮಣ್ಣು ಮತ್ತು ರೋಗಾಣುಗಳದ್ದು. ಸೋಸುವ ಫಿಲ್ಟರ್ ಮತ್ತು ಯುವಿ (ರೋಗಾಣು ಕೊಲ್ಲುವ ನೇರಳಾತೀತ ಬೆಳಕು) ಇರುವ ಯಂತ್ರ ಸಾಕು. ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ನೀರನ್ನು ಹೊರಗೆ ಬಿಡುತ್ತದೆ. ಅದನ್ನು ಚರಂಡಿಗೆ ಬಿಡದೆ ಶೌಚಾಲಯದ ಟ್ಯಾಂಕಿಗೆ ಪೈಪ್ ಹಾಕಿಸಿ. ಯಂತ್ರ ಕೂರಿಸುವ ದಿನವೇ ಇದನ್ನು ಹೇಳಿದರೆ ಸಣ್ಣ ಖರ್ಚು, ಆಮೇಲೆ ನೆನಪಾದರೆ ಗೋಡೆ ಒಡೆಯಬೇಕು.

4. ಕರೆಂಟ್ ಬಿಲ್ಲನ್ನು ಕೂತು ಓದಿ

ಹಾಸನ ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ನಿಗಮ, ಚಿಕ್ಕಮಗಳೂರಿಗೆ ಮೆಸ್ಕಾಂ. ಬಿಲ್ಲು ಯಾರದ್ದಾದರೂ ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಬಳಸಿದ ಯೂನಿಟ್ಟಿಗೆ, ಇನ್ನೊಂದು ಮಂಜೂರಾದ ಲೋಡ್‌ಗೆ, ಅಂದರೆ ಕಾಲೇಜು ಒಂದೇ ಹೊತ್ತಿಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿಗೆ, ಕಟ್ಟುವ ನಿಗದಿತ ಶುಲ್ಕ. ರಜೆಯಲ್ಲಿ ಒಂದು ದೀಪ ಹಚ್ಚದಿದ್ದರೂ ಎರಡನೆಯದು ಬಂದೇ ಬರುತ್ತದೆ. ಹಿಂದೆ ಯಾವಾಗಲೋ ದೊಡ್ಡ ಪ್ರಯೋಗಾಲಯಕ್ಕೆ ಎಂದು ಪಡೆದ ಲೋಡ್ ಈಗಲೂ ಹಾಗೇ ಇದ್ದರೆ ಪ್ರತಿ ತಿಂಗಳು ಸುಮ್ನೆ ಹಣ ಹೋಗುತ್ತಿರುತ್ತದೆ. ಹನ್ನೆರಡು ತಿಂಗಳ ಬಿಲ್ಲು ಒಟ್ಟಿಗಿಟ್ಟು ನೋಡಿ. ಲೋಡ್ ಇಳಿಸಲು ಅರ್ಜಿ ಕೊಡಬಹುದು. ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಕೆಲಸಕ್ಕೆ ಬಂತು ಅನ್ನುವ ಅಳತೆ) ದಂಡ ಎಂದು ಸಾಲು ಇದ್ದರೆ, ಕೆಪಾಸಿಟರ್ ಹಾಕಿಸಿದರೆ ಅದು ನಿಲ್ಲುತ್ತದೆ.

ಇನ್ನು ದೀಪ ಮತ್ತು ಫ್ಯಾನು. ಇಲ್ಲಿ ಮಲೆನಾಡಿಗೂ ಬಯಲುಸೀಮೆಗೂ ಲೆಕ್ಕವೇ ಬೇರೆ. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡು ನೋಡೋಣ. ನಿಮ್ಮ ಬಿಲ್ಲಿನ ದರ ಹಾಕಿ ಮತ್ತೆ ಮಾಡಿಕೊಳ್ಳಿ.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸುಮಾರು 50 ವ್ಯಾಟ್ ತಿನ್ನುತ್ತದೆ. ಎಲ್‌ಇಡಿ ಟ್ಯೂಬ್ 20 ವ್ಯಾಟ್. ಉಳಿತಾಯ 30 ವ್ಯಾಟ್. 150 ಟ್ಯೂಬ್, ದಿನಕ್ಕೆ 5 ಗಂಟೆ, ವರ್ಷಕ್ಕೆ 220 ದಿನ ಅಂದರೆ 4,950 ಯೂನಿಟ್, ಸುಮಾರು 39,600 ರೂಪಾಯಿ. ಟ್ಯೂಬ್ ಒಂದಕ್ಕೆ 250 ರೂಪಾಯಿ ಹಿಡಿದರೆ ಒಟ್ಟು ಖರ್ಚು 37,500. ಒಂದೇ ವರ್ಷದಲ್ಲಿ ಹಣ ವಾಪಸ್. ಮಲೆನಾಡಿನಲ್ಲಿ ಮಳೆಗಾಲದ ಕತ್ತಲಿಗೆ ದೀಪ ಇನ್ನೂ ಜಾಸ್ತಿ ಹೊತ್ತು ಉರಿಯುತ್ತದೆ, ಉಳಿತಾಯವೂ ಜಾಸ್ತಿ. ಇದನ್ನು ಈ ವರ್ಷವೇ ಮಾಡಿ.

ಫ್ಯಾನಿನ ಕಥೆ ಹಾಗಲ್ಲ. ಸಾಮಾನ್ಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30. ಉಳಿತಾಯ 45 ವ್ಯಾಟ್. ಅರಸೀಕೆರೆಯಲ್ಲಿ ವರ್ಷಕ್ಕೆ 160 ದಿನ, ದಿನಕ್ಕೆ 6 ಗಂಟೆ ತಿರುಗಿದರೆ ಫ್ಯಾನು ಒಂದಕ್ಕೆ 43 ಯೂನಿಟ್, ಸುಮಾರು 345 ರೂಪಾಯಿ ಉಳಿಯುತ್ತದೆ. ಫ್ಯಾನಿನ ಬೆಲೆ 2,800 ಆದರೆ ಎಂಟು ವರ್ಷ ಬೇಕು. ಶೃಂಗೇರಿಯಲ್ಲಿ 90 ದಿನ, 3 ಗಂಟೆ ಅಂದರೆ ವರ್ಷಕ್ಕೆ 100 ರೂಪಾಯಿಯೂ ಉಳಿಯುವುದಿಲ್ಲ. ಹಾಗಾಗಿ ಚೆನ್ನಾಗಿ ತಿರುಗುವ ಫ್ಯಾನುಗಳನ್ನೆಲ್ಲ ಕಿತ್ತು ಹೊಸದು ಹಾಕಬೇಡಿ. ಬಯಲು ಸೀಮೆಯ ಕಾಲೇಜಿನಲ್ಲಿ ಹಳೆಯದು ಕೆಟ್ಟಾಗ ಮಾತ್ರ ಬಿಎಲ್‌ಡಿಸಿ ತನ್ನಿ. ಆಗ ಲೆಕ್ಕಕ್ಕೆ ಬರುವುದು ಎರಡರ ಬೆಲೆಯ ವ್ಯತ್ಯಾಸ ಮಾತ್ರ, ನಾಲ್ಕು ವರ್ಷದೊಳಗೆ ಹಣ ಹುಟ್ಟುತ್ತದೆ.

ಸೋಲಾರ್ ಬಗ್ಗೆ ಕೇಳುವವರು ಜಾಸ್ತಿ. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ಜಾಗ ಬೇಕು, ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಬರುತ್ತದೆ. ಮಲೆನಾಡಿನ ಜೂನ್, ಜುಲೈ ತಿಂಗಳಲ್ಲಿ ಇದು ತುಂಬಾ ಇಳಿಯುತ್ತದೆ. ನೆಟ್ ಮೀಟರಿಂಗ್ ಇದ್ದರೆ ಭಾನುವಾರ, ರಜೆಯ ವಿದ್ಯುತ್ ಜಾಲಕ್ಕೆ ಹೋಗಿ ಬಿಲ್ಲಿನಲ್ಲಿ ಕಳೆಯುತ್ತದೆ. ಒಳ್ಳೆಯ ಹೂಡಿಕೆಯೇ. ಆದರೆ ಸೋರುವ ತಾರಸಿಯ ಮೇಲೆ ಫಲಕ ಕೂರಿಸಬೇಡಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇರುವ ವಸ್ತು ಅದು. ಅದರ ಕೆಳಗೆ ಬಿರುಕು ಹುಡುಕಲು ಆಮೇಲೆ ಯಾರಿಗೂ ಆಗುವುದಿಲ್ಲ.

5. ಸೂರಿನ ಕೆಲಸಕ್ಕೆ ಮಳೆಯ ಕ್ಯಾಲೆಂಡರ್ ನೋಡಿ

ವರ್ಷಕ್ಕೆ ಕಡೂರು, ಅರಸೀಕೆರೆಯಲ್ಲಿ 600ರಿಂದ 700 ಮಿಲಿಮೀಟರ್ ಆಸುಪಾಸು ಮಳೆ. ಸಕಲೇಶಪುರದಲ್ಲಿ 2,000 ದಾಟುತ್ತದೆ, ಶೃಂಗೇರಿಯಲ್ಲಿ 3,000ಕ್ಕೂ ಹೆಚ್ಚು. ಕೆಲವೇ ಗಂಟೆಯ ಬಸ್ ದಾರಿಯಲ್ಲಿ ಇಷ್ಟು ವ್ಯತ್ಯಾಸ. ಬೆಂಗಳೂರಿನಲ್ಲಿ ತಯಾರಾದ ಒಂದೇ ನಕ್ಷೆಯ ಕಟ್ಟಡ ಎರಡೂ ಕಡೆ ಒಂದೇ ತರಹ ಬಾಳುವುದಿಲ್ಲ ಅಲ್ವಾ? ಹಾಗಾಗಿ ದುರಸ್ತಿಯ ಯೋಜನೆ ನಿಮ್ಮ ಊರಿನ ಮಳೆಗೆ ತಕ್ಕಂತೆ ಇರಲಿ.

ಸಮಯ ಹೀಗೆ ಹಂಚಿಕೊಳ್ಳಿ. ಮಳೆಯಲ್ಲಿ ಸುತ್ತು ಹಾಕಿ ಮಾಡಿದ ಪಟ್ಟಿ ಅಕ್ಟೋಬರ್‌ನಲ್ಲಿ ಲೋಕೋಪಯೋಗಿ ಇಲಾಖೆಗೋ ನಿರ್ಮಿತಿ ಕೇಂದ್ರಕ್ಕೋ ಹೋಗಲಿ. ಡಿಸೆಂಬರ್ ಒಳಗೆ ಅಂದಾಜು ಪಟ್ಟಿ ಕೈಗೆ ಬರಲಿ. ಜನವರಿಯಲ್ಲಿ ಸಮಿತಿಯ ಒಪ್ಪಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೆಲಸ. ಮಾರ್ಚ್ 31ರ ಒಳಗೆ ಬಿಲ್ಲು. ಆಗ ಮಾರ್ಚ್ ಕೊನೆಯ ಗಡಿಬಿಡಿ ಇರುವುದಿಲ್ಲ, ಮಳೆಗೆ ಮುಂಚೆ ಎರಡು ತಿಂಗಳು ಒಣಗಲು ಸಮಯ ಸಿಗುತ್ತದೆ. ಬೇಸಿಗೆಯ ಅಡ್ಡ ಮಳೆ ಬಂದರೆ ಒಳ್ಳೆಯದೇ, ಕೆಲಸ ಸರಿಯಾಗಿದೆಯೇ ಎಂದು ಗುತ್ತಿಗೆದಾರನ ಎದುರೇ ಗೊತ್ತಾಗುತ್ತದೆ.

ಸೋರಿಕೆ ಎಂದ ಕೂಡಲೇ ರಾಸಾಯನಿಕ ಲೇಪನಕ್ಕೆ ಹೋಗಬೇಡಿ. ತಾರಸಿಯ ನೀರು ಹೋಗುವ ಕಿಂಡಿಯಲ್ಲಿ ಎಲೆ ಕಟ್ಟಿಕೊಂಡು ನೀರು ನಿಂತು ಸೋರುವುದು ಬಹಳ ಕಡೆ ಮೊದಲ ಕಾರಣ. ಸಿಲ್ವರ್ ಓಕ್ ಮರದ ಪಕ್ಕದ ಕಟ್ಟಡದಲ್ಲಿ ಇದು ಪ್ರತಿ ವರ್ಷದ ಕಾಟ. ಮೇ ಕೊನೆಗೆ ಒಂದು ಸಲ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಯಾರಾದರೂ ಮೇಲೆ ಹತ್ತಿ ಕಿಂಡಿ ತೆಗೆಯಬೇಕು. ಯಾರು, ಯಾವ ದಿನ ಎಂದು ಕಚೇರಿಯ ಗೋಡೆಗೆ ಬರೆದು ಅಂಟಿಸಿ. ಹೆಂಚಿನ ಹಳೆಯ ಕಟ್ಟಡವಾದರೆ ಒಡೆದ ಹೆಂಚು, ಲಡ್ಡಾದ ರೀಪು ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಆ ಕಟ್ಟಡಗಳನ್ನು ಕೆಡವುವ ಮಾತಿಗೆ ಬೇಗ ಒಪ್ಪಬೇಡಿ, ಅವು ಈ ಮಳೆಗೆಂದೇ ಕಟ್ಟಿದವು.

ಭಾರಿ ಮಳೆಯ ಊರಿನಲ್ಲಿ ಕಾಂಕ್ರೀಟ್ ತಾರಸಿಯ ಮೇಲೆ ಇಳಿಜಾರಾಗಿ ಶೀಟು ಹೊದಿಸುವುದು ನಂಬಬಹುದಾದ ಪರಿಹಾರ. ಲೇಪನ ಕೆಲವು ಮಳೆಗಾಲಕ್ಕೆ ಎದ್ದು ಬರುತ್ತದೆ, ಶೀಟು ಹಾಗಲ್ಲ. ಆದರೆ ತಾರಸಿಯೇ ಇಲ್ಲದೆ ಬರೀ ಶೀಟಿನ ಕೊಠಡಿ ಕಟ್ಟಿ ಅಲ್ಲಿ ತರಗತಿ ಇಡಬೇಡಿ. ಜುಲೈ ಮಳೆಯ ಸದ್ದಿಗೆ ಉಪನ್ಯಾಸಕರ ಮಾತು ಎರಡನೇ ಬೆಂಚಿಗೂ ಕೇಳಿಸುವುದಿಲ್ಲ. ಅಂಥದ್ದನ್ನು ಬೈಕ್ ನಿಲ್ಲಿಸಲು, ಊಟಕ್ಕೆ ಕೂರಲು ಬಳಸಿ.

ಬಯಲು ಸೀಮೆಯ ಕಾಲೇಜಿಗೆ ಸೂರು ಅಂದರೆ ನೀರಿನ ಮೂಲವೂ ಹೌದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 400 ಚದರ ಮೀಟರ್ ತಾರಸಿ, 650 ಮಿಲಿಮೀಟರ್ ಮಳೆ, ಐದರಲ್ಲಿ ಒಂದು ಪಾಲು ಆವಿ, ಸೋರಿಕೆಗೆ ಬಿಟ್ಟರೂ 2 ಲಕ್ಷ ಲೀಟರ್ ಮೀರುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 40 ಟ್ಯಾಂಕರ್. ಎಲ್ಲವನ್ನೂ ಸಂಗ್ರಹಿಸಲು ದೊಡ್ಡ ತೊಟ್ಟಿ ಕಟ್ಟಿಸಲು ಹೋಗಬೇಡಿ, ಅದು ದುಬಾರಿ. ಶೌಚಾಲಯಕ್ಕೆ ಬೇಕಾದಷ್ಟು ತೊಟ್ಟಿಗೆ, ಉಳಿದದ್ದು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ.

6. ಕಾಗದ ಸರಿಯಾಗಿರಲಿ

1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ ಪ್ರಕಾರ ಒಂದು ಮಿತಿ ಮೀರಿದ ಖರೀದಿ, ಕಾಮಗಾರಿಗೆ ಟೆಂಡರ್ ಬೇಕು. ಈ ಮಿತಿಗಳು ಆಗಾಗ ಪರಿಷ್ಕರಣೆ ಆಗುತ್ತವೆ, ಚಾಲ್ತಿಯಲ್ಲಿರುವ ಆದೇಶದ ಪ್ರತಿಯನ್ನು ಕಡತದ ಮೊದಲ ಪುಟದಲ್ಲೇ ಇಡಿ. ಒಂದು ಕೆಲಸವನ್ನು ಮೂರು ತುಂಡು ಮಾಡಿ ಮಿತಿಯೊಳಗೆ ತರಬೇಡಿ. ಲೆಕ್ಕ ಪರಿಶೋಧನೆಯಲ್ಲಿ ಮೊದಲು ಸಿಕ್ಕಿಬೀಳುವುದೇ ಅದು, ಆ ಆಕ್ಷೇಪಣೆ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಅಳತೆ ಪುಸ್ತಕ (ಮುಗಿದ ಕೆಲಸದ ಅಳತೆಯ ದಾಖಲೆ) ಬರೆಸದೆ ಕಾಮಗಾರಿಯ ಬಿಲ್ಲು ಪಾವತಿಸಬೇಡಿ. ಸೂರಿನ ಕೆಲಸವಾದರೆ ಒಂದು ಮಳೆಗಾಲ ಮುಗಿಯುವವರೆಗೆ ಸ್ವಲ್ಪ ಭದ್ರತಾ ಹಣ ಹಿಡಿದಿಡುವ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ.

7. ಹೊರಗಿನ ಹಣ ಕೇಳುವ ರೀತಿ

ರಾಜ್ಯದಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಇದು ಬಾಳಿಕೆ ಬರುವ ಆಸ್ತಿಗೆ ಮೀಸಲು, ದಿನನಿತ್ಯದ ಖರ್ಚಿಗಲ್ಲ. ಸರ್ಕಾರಿ ಕಾಲೇಜಿನ ಸಮಿತಿಗೆ ಶಾಸಕರೇ ಅಧ್ಯಕ್ಷರಾಗಿರುವುದರಿಂದ ಕೇಳುವುದು ಸುಲಭ. ಶಿವಮೊಗ್ಗದಲ್ಲಿ ಕೇಂದ್ರ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಎರಡೂ ಜಿಲ್ಲೆಗಳು ಬರುತ್ತವೆ, ಅಲ್ಲಿಗೂ ಒಂದು ಪ್ರಸ್ತಾವ ಹೋಗಲಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ.

"ನಮ್ಮ ಕಾಲೇಜಿನ ಅಭಿವೃದ್ಧಿಗೆ ನೆರವಾಗಿ" ಎಂದು ಬರೆದ ಪತ್ರಕ್ಕೆ ಉತ್ತರ ಬರುವುದು ಕಷ್ಟ. ಒಂದು ಪುಟದಲ್ಲಿ ಒಂದೇ ಕೆಲಸ ಬರೆಯಿರಿ. ಈಗಿನ ಫೋಟೋ, ಅಂದಾಜು ಪಟ್ಟಿ, ಎಷ್ಟು ವಿದ್ಯಾರ್ಥಿಗಳಿಗೆ ಅನುಕೂಲ, ಮುಂದಿನ ನಿರ್ವಹಣೆ ಯಾರದು, ಇಷ್ಟು ಸಾಕು. ನಿರ್ವಹಣೆಯ ಸಾಲು ಬರೆದ ಪತ್ರಕ್ಕೆ ತೂಕ ಬೇರೆಯೇ. ಕೊಟ್ಟ ಹಣ ವ್ಯರ್ಥವಾಗುವುದಿಲ್ಲ ಎಂದು ಕೊಡುವವರಿಗೆ ಧೈರ್ಯ ಬರುತ್ತದೆ.

ಹಳೆಯ ವಿದ್ಯಾರ್ಥಿಗಳನ್ನು ಕೇಳಲು ನಮ್ಮ ಕಡೆ ಒಂದು ಕಾಲ ಇದೆ. ಕಾಫಿ ಕೊಯ್ಲು ನವೆಂಬರ್, ಡಿಸೆಂಬರಿಗೆ ಶುರುವಾಗಿ ಫೆಬ್ರವರಿವರೆಗೂ ನಡೆಯುತ್ತದೆ. ಕೊಯ್ಲಿನ ನಡುವೆ ಬೆಳೆಗಾರರಿಗೆ ಆಳಿನ ಚಿಂತೆ, ಕಣದ ಚಿಂತೆ. ಸಮ್ಮೇಳನವನ್ನು ಮಾರ್ಚ್, ಏಪ್ರಿಲ್‌ನಲ್ಲಿ ಇಟ್ಟರೆ ಬಂದು ಕೂರುವ ಬಿಡುವೂ ಇರುತ್ತದೆ, ಕೈಯಲ್ಲಿ ಹಣವೂ ಇರುತ್ತದೆ. ದೊಡ್ಡ ಮೊತ್ತವನ್ನೇ ಕೇಳಬೇಕಿಲ್ಲ. ಒಂದು ತರಗತಿಯ ಬೆಂಚು, ಒಂದು ಶೌಚಾಲಯದ ಬಾಗಿಲುಗಳು, ಒಬ್ಬರು ಒಂದನ್ನು ವಹಿಸಿಕೊಳ್ಳಲಿ. ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಪ್ರಾಂಶುಪಾಲರ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬರಬಾರದು.

ಕೇಂದ್ರ ಯೋಜನೆಗಳು ಬರುವಾಗ ಸಮಯ ಕೊಡುವುದಿಲ್ಲ. 2023ರಲ್ಲಿ ಪಿಎಂ ಉಷಾ ಹೆಸರಿನಲ್ಲಿ ಬಂದ ಉನ್ನತ ಶಿಕ್ಷಣದ ಯೋಜನೆಯಲ್ಲಿ ಕಾಲೇಜು ಬಲಪಡಿಸಲು 5 ಕೋಟಿ ರೂಪಾಯಿವರೆಗೆ ಅವಕಾಶ ಇತ್ತು. ಇಂಥದ್ದಕ್ಕೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ಪ್ರಮಾಣಪತ್ರ, ಜಾಗದ ದಾಖಲೆ, ನಕ್ಷೆ, ಮೂರು ವರ್ಷದ ಲೆಕ್ಕ ಕೇಳುತ್ತಾರೆ. ಇವೆಲ್ಲ ಒಂದೇ ಕಡತದಲ್ಲಿ ಸಿದ್ಧವಾಗಿರಲಿ. ಜಾಗದ ಪಹಣಿ ಕಾಲೇಜಿನ ಹೆಸರಿಗೆ ಇದೆಯೇ ಎಂದು ಈಗಲೇ ನೋಡಿ. ಎಷ್ಟೋ ಕೆಲಸ ಅಲ್ಲಿಯೇ ನಿಲ್ಲುತ್ತದೆ.

8. ಇವುಗಳ ಹಣ ಕಡಿಯಬೇಡಿ

ಹಣ ಸಾಲದಾದಾಗ ಮೊದಲು ಕೈ ಹೋಗುವುದು ಪುಸ್ತಕಕ್ಕೆ, ಪ್ರಯೋಗಾಲಯದ ರಾಸಾಯನಿಕಕ್ಕೆ, ಶೌಚಾಲಯ ತೊಳೆಯುವವರ ಕೂಲಿಗೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳು ಬಂದಿರುವುದು ಕಲಿಯಲು. ಲಿಟ್ಮಸ್ ಕಾಗದ ಇಲ್ಲದೆ ಪ್ರಯೋಗ ಬರೀ ಬೋರ್ಡ್ ಮೇಲೆ ನಡೆದರೆ, ಹೊರಗಿನ ಬಣ್ಣದ ಗೋಡೆ ಯಾರಿಗೆ?

ಉಳಿಸುವ ದಾರಿ ಬೇರೆ ಇವೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಡಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ, ನೋಂದಣಿ ಆಗಿರಬೇಕು ಅಷ್ಟೇ. ಗ್ರಂಥಾಲಯ ತಂತ್ರಾಂಶಕ್ಕೆ ಹಣ ಕೊಡುವ ಬದಲು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇ-ಗ್ರಂಥಾಲಯ ಅಥವಾ ಉಚಿತ ತಂತ್ರಾಂಶ ಕೋಹಾ ಬಳಸಬಹುದು. ನಿಧಾನವಾದ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮುಂಚೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಬರುವ ವೇಗದ ಡಿಸ್ಕ್) ಹಾಕಿಸಿ, ಉಚಿತವಾಗಿ ಸಿಗುವ ಉಬುಂಟು ಮತ್ತು ಲಿಬ್ರೆ ಆಫೀಸ್ ತಂತ್ರಾಂಶ ತುಂಬಿಸಿ ನೋಡಿ. ಪದವಿ ತರಗತಿಯ ಲ್ಯಾಬಿಗೆ ಬಹಳಷ್ಟು ಮತ್ತೆ ಕೆಲಸಕ್ಕೆ ಬರುತ್ತವೆ. ಹೊಸದಾಗಿ ಖರೀದಿಸಲೇಬೇಕಾದದ್ದು ಆಗ ಅರ್ಧ ಆಗುತ್ತದೆ.

9. ಲೆಕ್ಕವನ್ನು ಗೋಡೆಗೆ ಹಾಕಿ

ಮೂರು ತಿಂಗಳಿಗೊಮ್ಮೆ ಅಭಿವೃದ್ಧಿ ನಿಧಿಯ ಒಂದು ಪುಟದ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಿ. ಎಷ್ಟು ಬಂತು, ಎಲ್ಲಿಗೆ ಹೋಯಿತು, ಮುಂದೆ ಯಾವ ಕೆಲಸ, ಯಾವುದನ್ನು ಯಾಕೆ ಮುಂದಕ್ಕೆ ಹಾಕಿದ್ದೇವೆ. ಕೊನೆಯ ಸಾಲು ಮರೆಯಬೇಡಿ. ಈ ವರ್ಷ ಆಟದ ಮೈದಾನ ಯಾಕೆ ಸಮತಟ್ಟು ಮಾಡಲಿಲ್ಲ ಎಂದು ಗೊತ್ತಾದರೆ ವಿದ್ಯಾರ್ಥಿಗಳು ಒಪ್ಪುತ್ತಾರೆ. ಗೊತ್ತಾಗದಿದ್ದರೆ ಅನುಮಾನ ಪಡುತ್ತಾರೆ, ಅದು ಸಹಜ. ಶುಲ್ಕ ಕಟ್ಟಿರುವುದು ಅವರ ಅಪ್ಪ ಅಮ್ಮ.

10. ವರ್ಗಾವಣೆಯ ದಿನಕ್ಕೆ ಕಡತ

ಸರ್ಕಾರಿ ಕಾಲೇಜಿನಲ್ಲಿ ಪ್ರಾಂಶುಪಾಲರು ಬದಲಾಗುತ್ತಾರೆ, ಅಧೀಕ್ಷಕರು ಬದಲಾಗುತ್ತಾರೆ. ಯೋಜನೆ ಅವರ ತಲೆಯಲ್ಲಿ ಮಾತ್ರ ಇದ್ದರೆ ಅವರ ಜೊತೆಗೇ ಹೋಗುತ್ತದೆ. ಹೊಸಬರು ಮತ್ತೆ ಶುರುವಿನಿಂದ ಶುರುಮಾಡುತ್ತಾರೆ. ಒಂದು ಕಡತವನ್ನು ಮೊದಲ ದಿನದಿಂದಲೇ ಕಟ್ಟಿಕೊಳ್ಳಿ. ಅದರಲ್ಲಿ ಇರಬೇಕಾದದ್ದು: ಮಳೆ ಸುತ್ತಿನ ಪಟ್ಟಿ ಮತ್ತು ಫೋಟೋಗಳು, ಕಟ್ಟಡದ ನಕ್ಷೆ, ನೆಲದಡಿಯ ನೀರಿನ ಪೈಪ್ ಮತ್ತು ಕೇಬಲ್ ಹೋಗಿರುವ ದಾರಿಯ ಕೈಬರಹದ ಚಿತ್ರ, ಬೋರ್‌ವೆಲ್ ಎಷ್ಟು ಆಳ, ಮೋಟಾರ್ ಎಷ್ಟು ಅಶ್ವಶಕ್ತಿ, ಯಾವ ಯಂತ್ರದ ವಾರಂಟಿ ಯಾವಾಗ ಮುಗಿಯುತ್ತದೆ, ಬ್ಯಾಟರಿ ಹಾಕಿದ ತಾರೀಕು, ನೀರಿನ ಪರೀಕ್ಷೆಯ ವರದಿ, ಬಾಕಿ ಇರುವ ಅರ್ಜಿಗಳ ಪ್ರತಿ, ಕೆಲಸ ಚೆನ್ನಾಗಿ ಮಾಡುವ ಪ್ಲಂಬರ್, ಎಲೆಕ್ಟ್ರಿಷಿಯನ್, ಹೆಂಚು ಹೊದಿಸುವವರ ಫೋನ್ ನಂಬರು. ಒಂದು ಪ್ರತಿ ಪ್ರಾಂಶುಪಾಲರ ಕಪಾಟಿನಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ ಇರಲಿ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಈ ಕಡತಕ್ಕೂ ಒಂದು ಕ್ರಮಸಂಖ್ಯೆ ಹಾಕಿ ಸಹಿ ಪಡೆಯಿರಿ.